ಒಗೆದ ಅಂಗಿ

ಚಾಂದ್ರಮಾನದ ಏಳನೇ ತಿಂಗಳ ಹತ್ತನೇ ದಿನ. ಮಧ್ಯಾಹ್ನ ಹಿಡಿದ ಮಳೆ ನಾಲ್ಕೂವರೆಯಾದರೂ ಬಿಟ್ಟಿರಲಿಲ್ಲ. ಸಂಜೆ ಐದೂ ನಲವತ್ತಕ್ಕೆ ತುಂಬು ಉಬ್ಬರ ಎಂದು ಬಂದರಿನ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ಆ ಬರಹವೂ ನೀರಿಗೆ ಅರ್ಧ ಕರಗಿತ್ತು. ರುಯಿಲಾನ್ ಅದನ್ನು ಎರಡು ಸಲ ಓದಿಕೊಂಡು ಬಲೆ ಹೆಣೆಯುವ ಶೆಡ್ಡಿನ ಕಡೆ ನಡೆದಳು. ಎದೆಗವಚಿಕೊಂಡ ಪ್ಲಾಸ್ಟಿಕ್ ಚೀಲದಲ್ಲಿ ಅವಳ ಗಂಡನ ನೀಲಿ ಅಂಗಿಯಿತ್ತು.

ಶೆಡ್ಡಿನಲ್ಲಿ ಹಸಿರು ಬಲೆಗಳ ರಾಶಿಗೆ ಒರಗಿ ಮೂವರು ಹೆಂಗಸರು ಹಬ್ಬಕ್ಕೆ ಸತ್ತವರ ಹಣವೆಂದು ಸುಡುವ ಬೆಳ್ಳಿ ಕಾಗದ ಮಡಚುತ್ತಿದ್ದರು. ಹದಿನೈದಕ್ಕೆ ಇನ್ನು ಐದೇ ದಿನ. ಅಂದು ಸತ್ತವರೆಲ್ಲ ಮನೆಗೆ ಬರುತ್ತಾರೆ. ಬರಿಗೈಯಲ್ಲಿ ಅವರನ್ನು ಕಳಿಸಲಾಗುವುದಿಲ್ಲ. ಅವರ ನಡುವೆ ಗಿಡ್ಡ ಮಣೆಯ ಮೇಲೆ ಕೂತಿದ್ದವಳು ಹೈತಾಂಗ್ ಅಜ್ಜಿ. ಎಂಬತ್ತು ವರ್ಷ. ನೆನೆಸಿದ ಭತ್ತದ ಹುಲ್ಲನ್ನು ಮೊಣಕಾಲ ಮೇಲೆ ಹೊಸೆದು ಆಳಿನುದ್ದದ ಒಂದು ಬೊಂಬೆ ಕಟ್ಟುತ್ತಿದ್ದಳು. ಎರಡು ಕಾಲು, ಸೊಂಟ, ಒಂದು ತೋಳು ಮುಗಿದಿದ್ದವು.

"ಅಜ್ಜಿ ಕಟ್ಟೋ ಹುಲ್ಲಿನ ಗಂಡಸರೇ ವಾಸಿ ಕಣ್ರೇ," ಎನ್ನುತ್ತಿದ್ದಳು ಮೂವರಲ್ಲೊಬ್ಬಳಾದ ಚುನ್‌ಯಾ. "ಕುಡಿಯಲ್ಲ, ಇಸ್ಪೀಟ್ ಆಡಲ್ಲ, ಎದುರು ಮಾತಾಡಲ್ಲ." ಬಾಗಿಲಲ್ಲಿ ರುಯಿಲಾನ್ ನಿಂತಿದ್ದನ್ನು ಕಂಡು ನಾಲಗೆ ಕಚ್ಚಿಕೊಂಡಳು. "ಬಾರಮ್ಮ, ಒಳಗೆ ಬಾ. ನನ್ನ ಬಾಯಿಗೆ ಬೆಂಕಿ ಹಾಕ. ನಿನಗಲ್ಲ ಹೇಳಿದ್ದು."

ರುಯಿಲಾನ್ ಬೇಸರ ಮಾಡಿಕೊಳ್ಳಲಿಲ್ಲ. ಬೇಸರಕ್ಕೂ ಸ್ವಲ್ಪ ಶಕ್ತಿ ಬೇಕು. ಅವಳು ಚೀನಾದ ಒಳನಾಡಿನ ಗ್ವಿಝೌ ಬೆಟ್ಟಗಳ ಕಡೆಯವಳು. ಮದುವೆಯಾಗಿ ಝೌಶಾನ್‌ನ ಈ ದ್ವೀಪಕ್ಕೆ ಬರುವ ತನಕ ಸಮುದ್ರ ಕಂಡವಳಲ್ಲ. ಗಂಡ ವೆನ್‌ಬಿಂಗ್ ಮೀನುಗಾರಿಕೆಯ ನಿಷೇಧ ಮುಗಿದ ದಿನವೇ ಹೊರಟಿದ್ದ. ನಾಲ್ಕನೇ ದಿನ ಬಿರುಗಾಳಿ. ಮುಗುಚಿದ ದೋಣಿ ಸಿಕ್ಕಿತು, ಜೊತೆಗಿದ್ದವರಲ್ಲಿ ಮೂವರ ಹೆಣ ಸಿಕ್ಕಿತು. ವೆನ್‌ಬಿಂಗ್ ಸಿಗದೆ ಹನ್ನೊಂದು ದಿನವಾಗಿತ್ತು.

ಹೆಣ ಸಿಗದವನ ಜೀವವನ್ನು ಉಬ್ಬರ ಏರುವ ಹೊತ್ತಿಗೆ ದಡದಲ್ಲಿ ನಿಂತು ಕರೆಯಬೇಕು. ಅವನ ಅಂಗಿ ತೊಡಿಸಿದ ಹುಲ್ಲಿನ ಬೊಂಬೆಗೆ ಅವನು ಬಂದು ಸೇರುತ್ತಾನೆ. ಬೊಂಬೆಯನ್ನು ಗುಡ್ಡದಲ್ಲಿ ಹೂತರೆ ಅವನಿಗೊಂದು ಜಾಗ, ಮನೆಯಲ್ಲೊಂದು ಹೆಸರಿನ ಹಲಗೆ, ಎಡೆಯಲ್ಲೊಂದು ಬಟ್ಟಲು. ಇಲ್ಲದಿದ್ದರೆ ಹದಿನೈದರಂದು ಎಲ್ಲರ ಮನೆಯವರೂ ಒಳಗೆ ಉಣ್ಣುವಾಗ ಅವನು ದಾರಿ ಬದಿಯಲ್ಲಿ ಅನಾಥರ ಜೊತೆ ನಿಂತು, ಎಸೆದ ಅನ್ನ ಹೆಕ್ಕಬೇಕು. ಅತ್ತೆ ಇದನ್ನು ದಿನಕ್ಕೆ ಹತ್ತು ಸಲ ಹೇಳಿದ್ದರು. ಈಗವರು ದಡದಲ್ಲಿ ತಾಡಪಾಲಿನ ಕೆಳಗೆ, ಊದುಬತ್ತಿ ಮತ್ತು ಹುಂಜದ ಬುಟ್ಟಿ ಇಟ್ಟುಕೊಂಡು ಕಾದಿದ್ದರು. ಕರೆಯುವವರು ಅವರು. ಮಕ್ಕಳಿಲ್ಲದ ಮನೆಯಾದ್ದರಿಂದ ಸತ್ತವನ ಪರವಾಗಿ "ಬಂದೆ" ಎನ್ನಬೇಕಾದವಳು ರುಯಿಲಾನ್.

"ಅಂಗಿ ಕೊಡು ಮಗಳೇ," ಎಂದಳು ಅಜ್ಜಿ.

ರುಯಿಲಾನ್ ಚೀಲದಿಂದ ತೆಗೆದ ಅಂಗಿಯ ಕೊರಳಪಟ್ಟಿಯನ್ನು ಅಜ್ಜಿ ಮೂಗಿನ ಹತ್ತಿರ ಹಿಡಿದಳು. ಬಗಲಿನ ಹತ್ತಿರ ಹಿಡಿದಳು. ಸಾಬೂನು ಪುಡಿಯ ಮಲ್ಲಿಗೆ ವಾಸನೆ ಆಚೆ ಕೂತ ಚುನ್‌ಯಾಗೂ ಬಡಿಯಿತು. ಅಜ್ಜಿ ಅಂಗಿಯನ್ನು ರುಯಿಲಾನಳ ತೊಡೆಯ ಮೇಲೆ ಹರವಿ, ಹುಲ್ಲಿನ ಇನ್ನೊಂದು ತೋಳು ಹೊಸೆಯತೊಡಗಿದಳು.

"ಇನ್ನೂ ಒಂದು ಗಂಟೆ ಇದೆ. ಕೂತ್ಕೋ, ಒಂದು ಮಾತು ಹೇಳ್ತೀನಿ. ಚುನ್‌ಯಾ, ನಿನಗೆ ಗೊತ್ತಿರೋ ಕತೆ. ಗೊತ್ತು ಅಂತ ನಡುವೆ ಬಾಯಿ ಹಾಕಬೇಡ."

ಮೂವರ ಕೈಯಲ್ಲೂ ಕಾಗದ ನಿಂತಿತು. ತಗಡಿನ ಮೇಲೆ ಮಳೆ ಒಂದೇ ಸಮ ಹೊಡೆಯುತ್ತಿತ್ತು.

"ಈ ದ್ವೀಪದ ದೋಣಿಗಳಿಗೆ ಇಂಜಿನ್ ಬರೋಕೆ ಮುಂಚಿನ ಮಾತು. ಎಪ್ಪತ್ತೊಂದು ವರ್ಷ ಆಯ್ತು... ಬಾವಿ ಓಣಿಯಲ್ಲಿ ಯಿನ್‌ಹುವಾ ಅಂತ ಒಬ್ಬಳಿದ್ಲು. ಗಂಡ ಗೆನ್‌ಫಾ, ಅತ್ತೆ, ಒಂಬತ್ತು ವರ್ಷದ ಒಬ್ಬಳು ಮಗಳು. ಗೆನ್‌ಫಾ ನಾಲ್ಕನೇ ತಿಂಗಳು ಹಳದಿ ಮೀನು ಹಿಡಿಯೋಕೆ ಹೋದವನು, ಐದನೇ ತಿಂಗಳ ಐದಕ್ಕೆ, ಡ್ರ್ಯಾಗನ್ ದೋಣಿ ಹಬ್ಬಕ್ಕೆ ಬಂದೇ ಬರ್ತೀನಿ ಅಂದಿದ್ದ. ಅಂದಮೇಲೆ ಬರೋ ಗಂಡಸು ಅವನು. ಅದಕ್ಕೇ ಅವಳು ಬಾಗಿಲಿಗೆ ಮಾಚಿಪತ್ರೆ ಕಟ್ಟಿದ್ಲು, ಬಿದಿರೆಲೆಯಲ್ಲಿ ಅಕ್ಕಿ ಕಟ್ಟಿ ಬೇಯಿಸಿ ಕೊಕ್ಕೆಗೆ ತೂಗಿಬಿಟ್ಲು, ಆಮೇಲೆ ಅವನ ಪೆಟ್ಟಿಗೆ ತೆಗೆದು ಇದ್ದಬದ್ದ ಬಟ್ಟೆ ಎಲ್ಲಾ ಬಾವಿಕಟ್ಟೆಗೆ ಹೊತ್ಕೊಂಡು ಹೋಗಿ, ಬೂದಿ ನೀರಲ್ಲಿ ಕುದಿಸಿ, ಕೈ ಬೊಬ್ಬೆ ಬರೋ ಹಾಗೆ ಒಗೆದು, ಎರಡು ದಿನದ ಬಿಸಿಲಲ್ಲಿ ಒಣಗಿಸಿದ್ಲು. 'ಹೊಸ ಮದುಮಗಳ ಹಾಗೆ ಏನೇ ಇದು, ಗಂಡನ್ನೇ ಒಗೆಯೋದೊಂದು ಬಾಕಿ' ಅಂತ ಬಾವಿ ಹತ್ರ ಇದ್ದವರು ಛೇಡಿಸಿದ್ರು. ಅವಳು ನಕ್ಕಳು. ಒಂದು ಕಾಲ್ಚೀಲನೂ ಬಿಡಲಿಲ್ಲ ಮಗಳೇ. ಅದೇ ಅವಳು ಮಾಡಿದ ಮೊದಲನೇ ತಪ್ಪು. ಅದನ್ನ ತಪ್ಪು ಅನ್ನೋಕಾದ್ರೂ ಬರುತ್ತಾ?

"ಹಬ್ಬ ಬಂತು, ಹೋಯ್ತು. ಕೊಕ್ಕೆಯಲ್ಲಿದ್ದ ಅನ್ನ ಹಳಸಿತು. ಅದನ್ನ ತೆಗೆದು ಎಸೆಯೋಕೆ ಯಾರಿಗೂ ಕೈ ಬರಲಿಲ್ಲ. ಆರನೇ ತಿಂಗಳು ಒಂದು ಹಲಗೆ ತೇಲಿ ಬಂತು, ದೋಣಿ ಮುಂಭಾಗದಲ್ಲಿ ಕಣ್ಣು ಬರೆದಿರ್ತಾರಲ್ಲ, ಆ ಹಲಗೆ. ಅದೇ ಕಣ್ಣು. ಗೆನ್‌ಫಾನೇ ಬಣ್ಣ ತುಂಬಿದ್ದು... ಅತ್ತೆ ಆವತ್ತೇ ಆತ್ಮ ಕರೆಯೋ ಲು ತಾತನ್ನ ಕರೆಸಿದ್ಲು. ಏಳನೇ ತಿಂಗಳ ಹದಿನೈದರ ಒಳಗೆ ಮುಗಿಸಬೇಕು, ನನ್ನ ಮಗ ಬೀದಿ ಅನ್ನ ತಿನ್ನೋದನ್ನ ನೋಡೋಕೆ ನಾನು ಇರಲ್ಲ ಅಂತ ಹಟ ಹಿಡಿದ್ಲು. ನಿನ್ನ ಅತ್ತೆನೂ ಅದನ್ನೇ ಅಂದಿರ್ತಾಳೆ. ತಾಯಿ ಅಂದಮೇಲೆ ಇನ್ನೇನು ಅಂತಾಳೆ?

"ಲು ತಾತ ಕೇಳಿದ್ದು ಒಂದೇ. ಅವನು ತೊಟ್ಟು ಬಿಚ್ಚಿಟ್ಟ, ನೀರು ಮುಟ್ಟಿಸದ ಅಂಗಿ. ಯಾಕೆ ಅಂದ್ರೆ ನೀರಲ್ಲಿ ಹೋದವರಿಗೆ ಕಣ್ಣು ಕಾಣಲ್ಲ, ಉಪ್ಪು ಮೊದಲು ಕಣ್ಣನ್ನೇ ತಿನ್ನೋದು. ಅವರಿಗೆ ಉಳಿದಿರೋದು ಮೂಗು. ತನ್ನ ಬೆವರಿನ ಜಾಡು ಹಿಡಿದು ಬರಬೇಕು, ಕುರುಡು ನಾಯಿ ಮನೆಗೆ ಬಂದ ಹಾಗೆ."

ರುಯಿಲಾನಳ ಬೆರಳು ತೊಡೆಯ ಮೇಲಿನ ಅಂಗಿಯ ಕೊರಳಪಟ್ಟಿಗೆ ಹೋಯಿತು. ಚುನ್‌ಯಾ ಬೇರೆ ಕಡೆ ನೋಡಿದಳು.

"ಆ ರಾತ್ರಿ ಯಿನ್‌ಹುವಾ ಪೆಟ್ಟಿಗೆ ಮುಂದೆ ಕೂತು ಒಂದೊಂದು ಬಟ್ಟೆನೂ ಮೂಸಿದ್ಲು. ಎಲ್ಲಾ ಬಿಸಿಲಿನ ವಾಸನೆ. ಗಂಡನ ವಾಸನೆ ಅನ್ನೋದು ಮನೆಯಲ್ಲಿ ಎಲ್ಲೂ ಇಲ್ಲ, ಇವಳೇ ಕೈಯಾರೆ ಒಗೆದು ಬಾವಿಕಟ್ಟೆ ಮೇಲೆ ಹರಿಸಿಬಿಟ್ಟಿದಾಳೆ... ಹೋಗಿ ಅತ್ತೆ ಹತ್ರ ಹೇಳಬೇಕಿತ್ತು. ಹೇಳಿದ್ರೆ ಏನಾಗ್ತಿತ್ತು? ಕರೆಯೋದು ನಿಲ್ತಿತ್ತು. ಗೆನ್‌ಫಾ ಬೀದೀಲಿ ನಿಲ್ತಿದ್ದ. ಅದಕ್ಕೇ ಅವಳು ಯಾರಿಗೂ ಹೇಳದೆ ಒಂದು ಅಂಗಿ ತಗೊಂಡು ಬಂಡೆ ಹಿಂದೆ ಹೋಗಿ ಸಮುದ್ರದ ನೀರಲ್ಲಿ ಅದ್ದಿದ್ಲು. ಮೀನು ಉಪ್ಪು ಹಾಕೋ ಕೊಟ್ಟಿಗೆಯಲ್ಲಿ ಎರಡು ದಿನ ನೇತುಹಾಕಿದ್ಲು. ಉಪ್ಪು, ಪಾಚಿ, ಮೀನು. ಬೆಸ್ತನ ಅಂಗಿ ಇನ್ನೇನು ನಾರುತ್ತೆ? ಲು ತಾತನೂ ಮೂಸಿ ನೋಡಿ, ಸರಿ ಇದೆ ಅಂತ ತಲೆ ಆಡಿಸಿದ.

"ಹತ್ತನೇ ದಿನ, ಇವತ್ತಿನ ಹಾಗೇ ಸಂಜೆ ಉಬ್ಬರ. ಇಂಥದೇ ಮಳೆ. ಅತ್ತೆ ದಡದಲ್ಲಿ ನಿಂತು ಕರೆದ್ಲು. ಗೆನ್‌ಫಾ, ಸಮುದ್ರದಲ್ಲಿ ಚಳಿ, ಮನೆಗೆ ಬಾ... ಗೆನ್‌ಫಾ, ಸಮುದ್ರದಲ್ಲಿ ಚಳಿ, ಮನೆಗೆ ಬಾ... ಉತ್ತರ ಬರೋ ತನಕ ಕರೀತಾನೇ ಇರಬೇಕು, ಬಂದ ಮೇಲೆ ಒಂದು ಸಲನೂ ಕರೀಬಾರದು, ಅದು ಕಟ್ಟಳೆ. ಉತ್ತರ ಕೊಡಬೇಕಾದವಳು ಆ ಒಂಬತ್ತು ವರ್ಷದ ಹುಡುಗಿ. ಪಾಪ, ಕಾಲು ಮರಗಟ್ಟಿ, ಹೊಟ್ಟೆ ಹಸಿದು, ಯಾವಾಗ ಮುಗಿಯುತ್ತೋ ಅಂತ ನಿಂತಿದ್ಲು. ಆತ್ಮ ಹತ್ತಿರ ಬಂತು ಅನ್ನೋ ಗುರುತಿಗೆ ಹುಂಜ ರೆಕ್ಕೆ ಕೊಡವಿತು, ಲು ತಾತ ಹೂಂ ಅಂದ, ಅವಳು ಕೂಗಿದ್ಲು, ಬಂದೆ, ಬಂದೆ... ಅಷ್ಟು ಅಂದಿದ್ದೇ ತಡ, ತಾಡಪಾಲಿನ ಕೆಳಗೆ ಒಣಗಿ ಗರಿಗರಿ ಇದ್ದ ಹುಲ್ಲಿನ ಬೊಂಬೆಯ ಅಂಗಿ ತೋಳಿಂದ ತೊಟ್ಟ್ ತೊಟ್ಟ್ ಅಂತ ನೀರು. ಬಂದ, ನನ್ನ ಮಗ ಬಂದ, ಅಂತ ಅತ್ತೆ ಅತ್ತಳು. ಸಂತೋಷಕ್ಕೆ ಅತ್ತಳು. ಎಲ್ಲರೂ ಅತ್ತರು.

"ಗುಡ್ಡದಲ್ಲಿ ಹೂತರು, ಹೆಸರಿನ ಹಲಗೆ ಬರೆಸಿದರು. ಹದಿನೈದಕ್ಕೆ ಎಡೆ ಇಟ್ಟರೆ ಬಟ್ಟಲಲ್ಲಿದ್ದ ಹೆಂಡ ಒಂದು ಬೆರಳಷ್ಟು ಇಳಿದಿತ್ತು. ಎಷ್ಟು ಹಸಿದಿದ್ದನೋ ಕಂದ ಅಂತ ಅತ್ತೆ ಮತ್ತೆ ತುಂಬಿದ್ಲು. ಮತ್ತೆ ಇಳೀತು."

ಅಜ್ಜಿ ಹುಲ್ಲಿನ ತೋಳನ್ನು ಹೆಗಲಿಗೆ ಸೇರಿಸಿ ಗಂಟು ಬಿಗಿದಳು. ರುಯಿಲಾನಳ ತೊಡೆಯಿಂದ ಅಂಗಿ ತೆಗೆದು ಬೊಂಬೆಗೆ ತೊಡಿಸಿ, ಒಂದೊಂದೇ ಗುಂಡಿ ಹಾಕಿ, ಇಡೀ ಬೊಂಬೆಯನ್ನು ಮಗುವಿನಂತೆ ಅವಳ ಮಡಿಲಿಗೆ ಮಲಗಿಸಿದಳು. ಅದು ಹಗುರವಾಗಿತ್ತು. ನಾಲ್ಕು ಕಿಲೋ ಇರಬಹುದು ಎಂದು ರುಯಿಲಾನ್‌ಗೆ ಅನ್ನಿಸಿತು. ವೆನ್‌ಬಿಂಗ್ ಎಪ್ಪತ್ತೆರಡು ಕಿಲೋ ಇದ್ದ.

"ಚಳಿಗಾಲದ ನಡುವಿನ ಹಬ್ಬದ ದಿನ," ಅಜ್ಜಿ ಮುಂದುವರಿಸಿದಳು, "ಹಿರಿಯರಿಗೆ ಎಡೆ ಇಟ್ಟು ಅತ್ತೆ ಊಟದ ಕಡ್ಡಿ ಜೋಡಿಸ್ತಾ ಇದ್ಲು. ಬಾಗಿಲಲ್ಲಿ ಯಾರೋ ಬಿದಿರು ಕೋಲು ಊರಿಕೊಂಡು ನಿಂತಿದಾರೆ. ಗಡ್ಡ ಎದೆ ತನಕ, ಒಂದು ಕಾಲು ಸೊಟ್ಟ. ಗೆನ್‌ಫಾ... ಜೀವಂತ. ಅಲೆ ಅವನನ್ನ ದೂರ ದಕ್ಷಿಣಕ್ಕೆ, ಫುಜಿಯಾನ್ ಕಡೆ ಒಂದು ನಡುಗಡ್ಡೆಗೆ ಎಸೆದಿತ್ತು. ಕಾಲು ಮುರಿದು, ಜ್ವರ ಬಂದು, ಆರು ತಿಂಗಳು ಯಾರದೋ ಕೊಟ್ಟಿಗೆಯಲ್ಲಿ ಬಿದ್ದಿದ್ದ. ಅಕ್ಷರ ಬರದವನು, ಕಾಗದ ಹೇಗೆ ಬರೀತಾನೆ? ಹಲಗೆ ಮೇಲೆ ಇರೋದು ತನ್ನ ಹೆಸರು ಅಂತ ಅವನಿಗೆ ಮಗಳೇ ಓದಿ ಹೇಳಬೇಕಾಯ್ತು. ನಕ್ಕುಬಿಟ್ಟ. 'ಬದುಕಿದ್ದಾಗ ನನಗೆ ಒಂದು ದಿನ ಇಷ್ಟು ಅಡುಗೆ ಮಾಡಿರಲಿಲ್ಲ ನೀವು' ಅಂದ. ಆ ಮನೇಲಿ ಆವತ್ತು ನಕ್ಕಿದ್ದೇ ಕೊನೆ.

"ಮೊದಲನೇ ತುತ್ತು ಬಾಯಿಗಿಟ್ಟು ನಿಲ್ಲಿಸಿದ. ಉಪ್ಪಿಲ್ಲ ಅಂದ. ಯಿನ್‌ಹುವಾ ತಿಂದು ನೋಡಿದ್ಲು, ಸರಿಯಾಗಿದೆ. ಇನ್ನೊಂದು ಬಡಿಸಿದ್ಲು. ರುಚಿನೇ ಇಲ್ಲ, ಬೂದಿ ತಿಂದ ಹಾಗಿದೆ ಅಂದ. ಎಡೆ ಇಟ್ಟ ಅನ್ನಕ್ಕೆ ಸಪ್ಪೆ ರುಚಿ ಅಂತೀವಲ್ಲ, ಹಿರಿಯರು ಅದರ ಸಾರ ಉಂಡು ಹೋಗಿರ್ತಾರೆ ಅಂತ... ಹಾಗೆ. ಆದರೆ ಇದು ಒಲೆ ಮೇಲಿಂದ ನೇರ ಬಟ್ಟಲಿಗೆ ಹಾಕಿದ್ದು. ಆವತ್ತೇ ಹೆಸರಿನ ಹಲಗೆ ಒಲೆಗೆ ಹಾಕಿದರು. ಏನೂ ಆಗಲಿಲ್ಲ. ಮೂರು ಹೊತ್ತೂ ಗಂಡಸು ಹೊಟ್ಟೆ ತುಂಬ ತಿಂತಾನೆ, ದಿನಾ ಇಳೀತಾನೆ. ವರ್ಷದ ಕೊನೇ ದಿನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಾಗ ಕಣ್ಣಾರೆ ಕಂಡಿತು. ಅವನ ಬಟ್ಟಲಿಂದ ಏಳೋ ಹಬೆ ಮೇಲಕ್ಕೆ ಹೋಗ್ತಿಲ್ಲ. ಅಡ್ಡಡ್ಡ ಹರಿದು, ಬಾಗಿಲ ಪಕ್ಕ ಖಾಲಿ ಇದ್ದ ಬೆಂಚಿನ ಕಡೆ ಹೋಗ್ತಿದೆ. ಆ ಬೆಂಚಿನ ತುದಿ ಒದ್ದೆ. ಒರೆಸಿದಷ್ಟೂ ಒದ್ದೆ.

"ಆಮೇಲೆ ಗುಡ್ಡ ಅಗೆದರು. ಬೊಂಬೆ ಹೂತ ಪೆಟ್ಟಿಗೆ ಸುತ್ತ ಮಣ್ಣು ಒಣಕಲು, ಒಳಗಿನ ಅಂಗಿಯಿಂದ ಉಪ್ಪುನೀರು ಸೋರ್ತಿದೆ. ಬೆಂಕಿ ಹಚ್ಚಿದರೆ ಹತ್ತಲಿಲ್ಲ. ಸೀಮೆಎಣ್ಣೆ ಸುರಿದರೂ ಹತ್ತಲಿಲ್ಲ. ಆಗ ಯಿನ್‌ಹುವಾ ಅಲ್ಲೇ ಮಣ್ಣಲ್ಲಿ ಕುಸಿದು ಕೂತು ಬಾಯಿ ಬಿಟ್ಟಳು... ಒಗೆದಿದ್ದೆ, ಸಮುದ್ರದಲ್ಲಿ ಅದ್ದಿದ್ದೆ ಅಂತ. ಲು ತಾತ ಬಯ್ಯಲಿಲ್ಲ. ಬೈದಿದ್ರೆ ಅವಳಿಗೆ ಎಷ್ಟೋ ಹಗುರ ಆಗ್ತಿತ್ತು. 'ಸಮುದ್ರದ ವಾಸನೆ ಇಟ್ಟೆ, ಸಮುದ್ರದವನು ಬಂದ' ಅಂದ. 'ಗೆನ್‌ಫಾ ಅಂತ ಕರೆದ್ರಿ, ಬಂದೆ ಅಂತ ಉತ್ತರ ಕೊಟ್ರಿ. ಈಗ ಅವನೇ ಗೆನ್‌ಫಾ. ಈ ಮನೆ ಅನ್ನ ಅವನದು. ಹೊರಗೆ ಕಳಿಸಬೇಕು ಅಂದ್ರೆ ಅವನ ಸ್ವಂತ ಹೆಸರು ಹಿಡಿದು ಕರೀಬೇಕು.' ಯಾವ ಊರವನೋ, ಯಾವ ರಾಜನ ಕಾಲದಲ್ಲಿ ಮುಳುಗಿದವನೋ, ಹೆಸರು ಯಾರಿಗೆ ಗೊತ್ತು? ಅತ್ತೆ ದಡದಲ್ಲಿ ಮೂರು ದಿನ ಕೂತು, ತನಗೆ ಗೊತ್ತಿದ್ದ, ಅವಳಜ್ಜಿಗೆ ಗೊತ್ತಿದ್ದ, ಈ ಸುತ್ತಿನ ದ್ವೀಪಗಳಲ್ಲಿ ನೀರಿಗೆ ಹೋದ ಗಂಡಸರ ಹೆಸರೆಲ್ಲ ಕರೆದ್ಲು. ಇನ್ನೂರ ಹದಿನಾಲ್ಕು ಹೆಸರು. ಒಂದಕ್ಕೂ ಉತ್ತರ ಇಲ್ಲ.

"ಸಮಾಧಿ ಗುಡಿಸೋ ಹಬ್ಬಕ್ಕೆ ಎಂಟು ದಿನ ಇರೋವಾಗ ಗೆನ್‌ಫಾ ಹೋದ. ಬಾಯಲ್ಲಿ ಅನ್ನ ಇತ್ತು. ಹಸಿವು, ಹಸಿವು ಅಂತಾನೇ ಹೋದ. ಹಬ್ಬದ ದಿನ ಅವನಿಗೆ ಅಂತ ಎಡೆ ಇಟ್ಟರು... ಹಬೆ ಬೆಂಚಿನ ಕಡೆ ಹೋಯ್ತು."

ಚುನ್‌ಯಾ ಒಂದು ಬೆಳ್ಳಿ ಕಾಗದವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಹೊರಗೆ ಉಬ್ಬರ ಕಲ್ಲುಕಟ್ಟೆಗೆ ಬಡಿಯುವ ಸದ್ದು ಮಳೆಯನ್ನು ಮೀರಿ ಕೇಳತೊಡಗಿತ್ತು.

"ಇನ್ನು ಸ್ವಲ್ಪ ಇದೆ, ಕೇಳು. ಆ ವರ್ಷ ಏಳನೇ ತಿಂಗಳ ಹತ್ತಕ್ಕೆ ಯಿನ್‌ಹುವಾ ಅವನು ಸಾಯೋವಾಗ ತೊಟ್ಟಿದ್ದ ಅಂಗಿ ತಗೊಂಡು ದಡಕ್ಕೆ ಹೋದ್ಲು. ಈ ಸಲ ಒಗೆದಿರಲಿಲ್ಲ. ಬೆವರು, ಜ್ವರ, ಎಲ್ಲಾ ಅದರಲ್ಲಿತ್ತು. ಜೊತೆಗೆ ಮಗಳು. ಎಲ್ಲಿ ಮಗು ಅಭ್ಯಾಸಬಲದಿಂದ ಬಾಯಿ ಬಿಡುತ್ತೋ ಅಂತ ತನ್ನ ಅಂಗೈಯಿಂದ ಅವಳ ಬಾಯಿ ಗಟ್ಟಿಯಾಗಿ ಮುಚ್ಚಿ ಹಿಡಿದಿದ್ಲು. ಗೆನ್‌ಫಾ, ಹೊರಗೆ ಚಳಿ, ಮನೆಗೆ ಬಾ ಅಂತ ಕರೆದ್ಲು. ಉತ್ತರ ಬಂತು. ಸಮುದ್ರದ ಕಡೆಯಿಂದಲ್ಲ, ಬೆನ್ನ ಹಿಂದೆ, ಮನೆ ಒಳಗಿಂದ. ಬಂದೆ, ಬಂದೆ... ಹೆಣ್ಣುಮಗುವಿನ ದನಿ. ಅದೇ ಹುಡುಗಿ ದನಿ. ಅವಳ ಬಾಯಿ ಇಲ್ಲಿ ತಾಯಿ ಕೈ ಕೆಳಗಿದೆ. ಸಮುದ್ರದಿಂದ ಬಂದ ಆ ಇನ್ನೊಬ್ಬನಿಗೆ ಬರ್ತಿದ್ದ ಉತ್ತರ ಅದೊಂದೇ ಅಲ್ವಾ? ಯಾರ ದನಿಯಲ್ಲಿ ಕಲಿತನೋ ಆ ದನಿ.

"ಯಿನ್‌ಹುವಾ ಸಾಯೋ ತನಕ, ಇಪ್ಪತ್ತಾರು ವರ್ಷ, ಪ್ರತಿ ವರ್ಷ ಅದೇ ದಿನ ಕರೆದ್ಲು. ಪ್ರತಿ ಸಲ ಅದೇ ದನಿ ಬಂತು. ಗೆನ್‌ಫಾ ಇನ್ನೂ ಬೀದೀಲಿ ಇದಾನೆ. ನಾನು ಹದಿನೈದಕ್ಕೆ ಒಂದು ಮುಷ್ಟಿ ಅನ್ನ ದಾರಿಗೆ ಎಸೀತೀನಲ್ಲ, ಅದು ಯಾರಿಗೆ ಅಂದ್ಕೊಂಡಿದ್ದೆ, ಚುನ್‌ಯಾ? ನಮ್ಮಪ್ಪನಿಗೆ."

ರುಯಿಲಾನ್ ತಲೆಯೆತ್ತಿದಳು. ಅಜ್ಜಿ ಅವಳನ್ನೇ ನೋಡುತ್ತಿದ್ದಳು.

"ಬೇರೆ ಯಾವುದೂ ಇಲ್ವಾ ಮಗಳೇ? ದಿಂಬಿನ ಚೀಲ? ಟೋಪಿ?"

"ಎಲ್ಲಾ ಒಗೆದೆ ಅಜ್ಜಿ," ಎಂದಳು ರುಯಿಲಾನ್. "ಹದಿನೈದಕ್ಕೆ ಮುಂಚೆ ಬರ್ತೀನಿ ಅಂತ ಫೋನ್ ಮಾಡಿದ್ರು. ಮಶೀನಿಗೆ ಹಾಕ್ಬಿಟ್ಟೆ. ಹೊದಿಕೆ ಸಹ."

"ಹೂಂ."

"ಅವರು ಬದುಕಿದ್ರೆ?"

"ಗೆನ್‌ಫಾನೂ ಬದುಕಿದ್ದ."

"ಕರೀದೇ ಇದ್ರೆ?"

"ಸತ್ತಿದ್ರೆ, ಐದು ದಿನದಲ್ಲಿ ಬೀದೀಲಿ ನಿಲ್ತಾನೆ. ನಾನೇನು ಹೇಳಲಿ ಮಗಳೇ? ಹುಲ್ಲು ಕಟ್ಟೋದು ನನ್ನ ಕೆಲಸ. ಯಾವುದು ಒಳ್ಳೇದು ಅಂತ ಗೊತ್ತಿದ್ರೆ ನಮ್ಮಮ್ಮನಿಗೆ ಹೇಳ್ತಿದ್ದೆ."

ರುಯಿಲಾನ್ ಬೊಂಬೆಯನ್ನು ಎದೆಗೆ ಒತ್ತಿಕೊಂಡಳು. ಮೆಲ್ಲಗೆ, ಲೆಕ್ಕ ಹಾಕಿ ನೋಡಿದವಳಂತೆ ಹೇಳಿದಳು. "ನಾನು ಹೋಗಲ್ಲ. ಉತ್ತರ ಕೊಡಲ್ಲ. ಅತ್ತೆ ಬೈದರೆ ಬೈಸ್ಕೋತೀನಿ. ಉತ್ತರ ಕೊಡೋರಿಲ್ಲ ಅಂದ್ರೆ ಯಾರೂ ಬರೋ ಹಾಗಿಲ್ಲ, ಅಲ್ವಾ ಅಜ್ಜಿ?"

ಅಜ್ಜಿ ಉಳಿದ ಹುಲ್ಲನ್ನು ಒಟ್ಟು ಮಾಡಿ ಪಕ್ಕಕ್ಕಿಟ್ಟಳು.

ಗೋಡೆ ಗಡಿಯಾರದಲ್ಲಿ ಐದೂ ಮೂವತ್ತೆಂಟು. ದಡದಿಂದ ಅತ್ತೆಯ ದನಿ ಮಳೆಯೊಳಗಿಂದ ತೂರಿ ಬಂತು. ಸೊಸೆ ಬರುವ ದಾರಿ ಕಾದು ಸಾಕಾಗಿ, ಉಬ್ಬರ ತಪ್ಪಿಹೋಗುವ ಭಯಕ್ಕೆ ಅವರು ಶುರುಮಾಡಿಬಿಟ್ಟಿದ್ದರು.

"ವೆನ್‌ಬಿಂಗ್, ಸಮುದ್ರದಲ್ಲಿ ಚಳಿ, ಮನೆಗೆ ಬಾ..."

ರುಯಿಲಾನ್ ತುಟಿ ಕಚ್ಚಿ ಹಿಡಿದಳು. ಮತ್ತೊಂದು ಕರೆ ಬಂತು. ಮತ್ತೊಂದು. ಅವಳು ಒಳಗೇ ಎಣಿಸಿದಳು: ಐದು, ಆರು, ಏಳು. ಉತ್ತರ ಬರುವ ತನಕ ಕರೆಯುತ್ತಲೇ ಇರುತ್ತಾರೆ. ಕರೆಯಲಿ. ಗಂಟಲು ಕಟ್ಟುವ ತನಕ ಕರೆಯಲಿ, ಉಬ್ಬರ ಇಳಿಯುವ ತನಕ ಕರೆಯಲಿ.

ಎಂಟನೆಯದು "ವೆನ್‌ಬಿಂಗ್, ಸಮು..." ಎಂಬಲ್ಲಿಗೆ, ಉತ್ತರ ಸಿಕ್ಕವರು ನಿಲ್ಲಿಸುವ ಹಾಗೆ, ನಿಂತಿತು.

ಆಮೇಲೆ ಬರಿಯ ಮಳೆ. ಒಂದು ನಿಮಿಷ ಕಳೆದಿರಬೇಕು. ಅತ್ತೆ ಅಳುವುದು ಕೇಳಿಸಿತು. ಹನ್ನೊಂದು ದಿನದಿಂದ ರುಯಿಲಾನ್ ಕೇಳಿದ್ದ ಅಳು ಅದಾಗಿರಲಿಲ್ಲ. ಮನೆಗೆ ಬಂದವರನ್ನು ಕಂಡಾಗ ಅಳುವ ಅಳು.

ಮೂವರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿಯ ಬಾಯಿ ಮುಚ್ಚಿತ್ತು.

"ನನ್ನನ್ನ ನೋಡಬೇಡಿ," ಎಂದಳು ಹೈತಾಂಗ್ ಅಜ್ಜಿ. "ನನಗೀಗ ಎಂಬತ್ತು. ಬಂದೆ ಅನ್ನೋ ಆ ಎಳೆ ದನಿ ನನ್ನ ಗಂಟಲು ಬಿಟ್ಟು ಯಾವುದೋ ಕಾಲ ಆಯ್ತು... ಮಗಳೇ, ಆ ಅಂಗಿ ತೋಳು ಸ್ವಲ್ಪ ಮುಟ್ಟಿ ನೋಡು. ಇನ್ನೂ ಒಣಗಿಯೇ ಇದೆಯಾ?"